ಕ್ರೈಸ್ತ ಶಾಲೆ, ಒಂದನೇ ತರಗತಿ ಮತ್ತು ಪೋಷಕರ ಒಪ್ಪಿಗೆ

ಹನೂರು ಭಾಗದ ಹಿಂದೂ ಕುಟುಂಬವೊಂದು ಮಗಳನ್ನು ಕೊಳ್ಳೇಗಾಲದ ಖಾಸಗಿ ಕ್ರೈಸ್ತ ಶಾಲೆಗೆ ಸೇರಿಸುವ ಮುನ್ನ ಕೇಳಿರುವ ಮೊದಲ ಪ್ರಶ್ನೆಗೆ, ಅಂದರೆ ಮಗು ಅಲ್ಲಿನ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಹೋಗಲೇಬೇಕೇ ಎಂಬುದಕ್ಕೆ, ಸಂವಿಧಾನದಲ್ಲೇ ಉತ್ತರವಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ, 28(3)ನೇ ವಿಧಿಯಂತೆ, ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನಾ ವಿಧಿಗಾಗಲಿ ಹಾಜರುಪಡಿಸುವಂತಿಲ್ಲ. ಹಲವು ಕ್ಯಾಥೊಲಿಕ್ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಅಂದರೆ ವಿಶ್ವಾಸದ ಪಾಠ, ನಡೆಯುವಾಗ ಉಳಿದವರಿಗೆ ನೀತಿಪಾಠವಿರುತ್ತದೆ. ವೇಳಾಪಟ್ಟಿಯನ್ನು ಕೇಳಿ ನೋಡುವುದು ಅವಿಶ್ವಾಸವಲ್ಲ, ಪೋಷಕರ ಹಕ್ಕು.

ಶುಲ್ಕದ ವಿಷಯದಲ್ಲಿ, ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಉಚಿತ ಸೀಟು 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದ ಕಾರಣ, ಅದನ್ನು ನೆಚ್ಚಿಕೊಳ್ಳಬಾರದು.

ನಿಜವಾಗಿ ತೂಗಿ ನೋಡಬೇಕಾದದ್ದು ಭಾಷೆ. ಮಾರ್ಟಳ್ಳಿಯ ಸುತ್ತ ತಮಿಳು, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನುಡಿ, ಬಯಲಿನಲ್ಲಿ ಕನ್ನಡ ಎಂದು ಮನೆಮಾತೇ ಬದಲಾಗುವ ಈ ಸೀಮೆಯಲ್ಲಿ, ಆರು ವರ್ಷದ ಮಗು ತನಗೆ ತಿಳಿಯದ ಇಂಗ್ಲಿಷಿನಲ್ಲಿ ಅಕ್ಷರ ಓದಿದರೂ ಅರ್ಥವನ್ನು ಬಿಟ್ಟುಬಿಡುವ ಅಪಾಯ ದೊಡ್ಡದು, ಮತ್ತು ಅಚ್ಚುಕಟ್ಟಾದ ಸಮವಸ್ತ್ರವಾಗಲಿ ಶಿಸ್ತಾಗಲಿ ಆ ನಷ್ಟವನ್ನು ತುಂಬಲಾರದು. ಕನ್ನಡ ಭಾಷಾ ಕಲಿಕಾ ಕಾಯ್ದೆ 2015 ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿದೆ. ಆದ್ದರಿಂದ ಕನ್ನಡ ಅಲ್ಲಿ ಯಾವ ಸ್ಥಾನದಲ್ಲಿದೆ, ಒಂದನೇ ತರಗತಿಯ ಶಿಕ್ಷಕಿ ಪಾಠವನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುತ್ತಾರೆಯೇ, ಕನ್ನಡದಲ್ಲಿ ಮಾತನಾಡಿದ ಮಗುವಿಗೆ ದಂಡ ವಿಧಿಸುವ ಪದ್ಧತಿಯಿದೆಯೇ ಎಂಬುದನ್ನು ಕುಟುಂಬವು ಪ್ರವೇಶಕ್ಕೆ ಮೊದಲೇ ವಿಚಾರಿಸಬೇಕು. ದಂಡವಿದೆ ಎಂದು ತಿಳಿದರೆ, ಊರಿನ ಸರ್ಕಾರಿ ಶಾಲೆಯ ನಲಿ-ಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ತರಗತಿಯೇ, ಈ ಮಗುವಿಗೆ ಮೇಲು.