ಹೂವಿಗಿಂತ ಮೊದಲು ನೀರು ನೋಡಿ

ಉಣ್ಣೆ ನೂಲಿಗೆ ಹೂವಿನ ಬಣ್ಣ ಹಾಕಲು ಹೊರಟವರು ಯಾವ ಹೂವು, ಎಷ್ಟು ಹೂವು ಎಂದು ಕೇಳುತ್ತಾರೆ. ನೀರಿನ ಮಾತೇ ಎತ್ತುವುದಿಲ್ಲ. ಸನ್ನತಿ, ವಾಡಿ, ಶಹಾಬಾದ, ಸೇಡಂ ಸೀಮೆಯಲ್ಲಿ ಈ ಕೆಲಸ ನನಗೆ ಕಲಿಸಿದ್ದು ಬೇರೆಯೇ: ಇಲ್ಲಿ ಬಣ್ಣ ಕೆಟ್ಟರೆ ಮೊದಲು ಅನುಮಾನಿಸಬೇಕಾದ್ದು ಬೋರ್‌ವೆಲ್ ನೀರನ್ನು. ಕನಗನಹಳ್ಳಿ ಸ್ತೂಪದ ಶಿಲ್ಪಗಳಿಗೂ ಶಹಾಬಾದಿ ಫರಸಿಗೂ ಸಿಮೆಂಟ್ ಕಾರ್ಖಾನೆಗಳಿಗೂ ಒದಗಿದ ಸುಣ್ಣಕಲ್ಲೇ ಕರಗಿ ನೀರನ್ನು ಗಡಸು ಮಾಡಿದೆ. ಚೆಂಡುಹೂವನ್ನೇ ನೋಡಿ: ಅದಕ್ಕೆ ಬಣ್ಣ ಕೊಡುವ ಲ್ಯೂಟೀನ್ ನೀರಿನಲ್ಲಿ ಕರಗದು. ನೂಲಿಗೆ ಹತ್ತುವುದು ಹೂವಿನ ಫ್ಲೇವನಾಯ್ಡ್‌ಗಳು. ಅವು ಉಣ್ಣೆಯಲ್ಲಿ ನಿಲ್ಲಬೇಕಾದರೆ ಪಟಿಕಾರದ ಅಲ್ಯೂಮಿನಿಯಂ ಬೇಕು. ರಾಡಿ ನೀರಿನ ಕೊಡದಲ್ಲಿ ಪಟಿಕಾರ ತಿರುವಿದರೆ ಕೆಸರು ತಳಕ್ಕಿಳಿಯುವುದನ್ನು ಎಲ್ಲರೂ ಬಲ್ಲರು. ನೀರಿನ ಬೈಕಾರ್ಬೊನೇಟ್ ತಗುಲಿ ಅಲ್ಯೂಮಿನಿಯಂ ಲೋಳೆಯಾಗುತ್ತದೆ, ಕೆಸರನ್ನು ಎಳೆದುಕೊಂಡು ಕೂರುತ್ತದೆ. ಪಟಿಕಾರದಲ್ಲಿ ನೂಲು ಕಾಯಿಸುವ ಪಾತ್ರೆಯಲ್ಲೂ ಇದೇ ನಡೆದರೆ ಉಣ್ಣೆ ಸೇರಬೇಕಾದ್ದು ತಳ ಸೇರುತ್ತದೆ. ಜಿಡ್ಡು ತೆಗೆಯಲು ಸಾಬೂನು ಹಾಕಿದಾಗಲೂ ಗಡಸು ನೀರು ಅದನ್ನು ಅಂಟು ಮಾಡಿ ಎಳೆಗೆ ಮೆತ್ತುತ್ತದೆ. ಆಮೇಲೆ ಬಣ್ಣ ಹಿಡಿಯುವುದು ತೇಪೆ ತೇಪೆಯಾಗಿಯೇ.

ಪಟಿಕಾರ ಇನ್ನಷ್ಟು ಸುರಿದರಾಯಿತು ಎನ್ನುವವರಿದ್ದಾರೆ. ಒಣ ನೂಲಿನ ತೂಕದ ಶೇ. 10ರಿಂದ 15ರಷ್ಟು ಸಾಕು, ಮೀರಿದರೆ ಉಣ್ಣೆ ಅಂಟಂಟಾಗುತ್ತದೆ. ಹುಣಸೆ ರಸ ಬೆರೆಸಿ ಎಂಬ ಸಲಹೆಯಲ್ಲಿ ಹುರುಳಿದೆ: ಅದರ ಟಾರ್ಟಾರಿಕ್ ಆಮ್ಲ ಗಡಸಿನ ಕ್ಷಾರವನ್ನು ಮುರಿಯುತ್ತದೆ. ಆದರೆ ಹುಣಸೆಯ ಕಂದು ಹಳದಿಯನ್ನು ಮಂಕು ಮಾಡದೆ ಬಿಡದು. ಇವೆರಡಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದು. ಸುಣ್ಣದಂಶ ಹಳದಿಯನ್ನು ಗಾಢ ಮಾಡುತ್ತದಲ್ಲ, ಯುರೋಪಿನ ಬಣ್ಣಗಾರರು ಬೇಕೆಂದೇ ಸೀಮೆಸುಣ್ಣ ಹಾಕುತ್ತಾರಲ್ಲ? ನಿಜ, ಒಪ್ಪುತ್ತೇನೆ. ಅವರು ಹಾಕುವುದು ಪಟಿಕಾರ ಉಣ್ಣೆಗೆ ಸೇರಿದ ಮೇಲೆ, ಹೂವಿನ ಕಷಾಯಕ್ಕೆ, ಅಳತೆ ನೋಡಿ. ಹಾಗಾಗಿ ತೊಳೆಯಲು, ಪಟಿಕಾರ ಕೂಡಿಸಲು ಮಳೆನೀರು. ಹೂವಿನ ಪಾತ್ರೆಗೆ ಬೇಕಿದ್ದರೆ ಬೋರ್‌ವೆಲ್ ನೀರು.

ಹೂವಿನ ಆಯ್ಕೆಯಲ್ಲಿ ಕಣ್ಣನ್ನು ನಂಬಬಾರದು. ದಾಸವಾಳ, ಶಂಖಪುಷ್ಪಗಳ ಬಣ್ಣ ಪಾತ್ರೆಯಲ್ಲಿ ಎಷ್ಟೇ ಮೆರೆದರೂ ಬಿಸಿಲಿಗೆ ನಿಲ್ಲದು. ಕುಸುಬಿ ಹೂವಿನ ಹಳದಿ ಉಣ್ಣೆಗೆ ಬರುತ್ತದೆ. ಹೆಸರುವಾಸಿಯಾದ ಅದರ ಕೆಂಪನ್ನು ಕ್ಷಾರದಲ್ಲಿ ತೆಗೆಯಬೇಕು, ಕ್ಷಾರ ಉಣ್ಣೆಗೆ ಆಗದು. ಇನ್ನು, ದಖನಿ ಕುರಿಯ ಕರಿ ಉಣ್ಣೆ ಇರುವಾಗ ಬಣ್ಣದ ಹಂಗೇಕೆ ಎಂದು ಕಂಬಳಿ ನೇಯುವವರು ಕೇಳಿದರೆ ನನ್ನಲ್ಲಿ ವಾದವಿಲ್ಲ. ಕರಿಯ ಮೇಲೆ ಚೆಂಡುಹೂವು ಕಾಣುವುದೂ ಇಲ್ಲ. ಅಂಚಿನ ಪಟ್ಟಿಗಷ್ಟೇ ಬಿಳಿ ಉಣ್ಣೆ ಆರಿಸಿ ಬಣ್ಣ ಹಾಕಬಹುದು. ಕಾಲು ಕೆಜಿ ನೂಲಿಗೆ ಒಂದು ಸಲಕ್ಕೆ ಹತ್ತು ಲೀಟರ್ ನೀರು ಸಾಕು. ದಸರೆಯ ಚೆಂಡುಹೂವು ಬರುವ ಮುನ್ನ ಮಾಳಿಗೆಯಿಂದ ಅಷ್ಟನ್ನು ಹಿಡಿದಿಡುವುದು ದೊಡ್ಡ ಕೆಲಸವೇನಲ್ಲ.