ಅಜ್ಜನ ‘ಹೂಂ’ ಮತ್ತು ನಮ್ಮ ಎಂಟು ಚಾನಲ್

ಕಳೆದ ಸೆಮ್‌ನಲ್ಲಿ ಸಿಗ್ನಲ್ಸ್ ಮಿನಿ ಪ್ರಾಜೆಕ್ಟಿಗೆ ಏನು ಮಾಡೋದು ಅಂತ ನಾವು ಮೂವರು ಕ್ಯಾಂಟೀನಿನಲ್ಲಿ ತಲೆ ಕೆಡಿಸಿಕೊಂಡು ಕೂತಿದ್ವಿ. ಆಗ ನಮ್ಮಲ್ಲೊಬ್ಬನಿಗೆ ಊರಿಂದ ಅಜ್ಜಿ ಫೋನ್ ಮಾಡಿದ್ರು. “ಅಜ್ಜಂಗೆ ಕೊಡ್ಲಾ?” ಅಂದ್ರು. ಹಿಂದಿನಿಂದ “ಬ್ಯಾಡ ಬಿಡೇ” ಅನ್ನೋ ದನಿ ಕೇಳಿಸ್ತು. ಅಜ್ಜ ನಿವೃತ್ತ ಮೇಷ್ಟ್ರು, ವಯಸ್ಸು 72. ಒಂದು ಕಾಲದಲ್ಲಿ ಜಗಲಿಯಲ್ಲಿ ಪೇಪರ್ ಓದಿ ಊರವರ ಜೊತೆ ವಾದ ಮಾಡ್ತಿದ್ದವರು. ಈಗ ಯಾರೇನು ಹೇಳಿದ್ರೂ “ಹೂಂ” ಅಂದು ಒಳಗೆ ಹೋಗ್ತಾರಂತೆ. ಹಿಯರಿಂಗ್ ಏಡ್ ತಂದುಕೊಟ್ಟಿದ್ದಾರೆ, ಅದು ಡಬ್ಬಿಯಲ್ಲೇ ಇದೆ. “ಸದ್ದು ಜೋರಾಗ್ತದೆ ಮಾರಾಯ, ಮಾತು ಮಾತ್ರ ಅರ್ಥ ಆಗಲ್ಲ” ಅನ್ನೋದು ಅಜ್ಜನ ದೂರು.

ಈ ಒಂದು ಮಾತೇ ನಮ್ಮ ಪ್ರಾಜೆಕ್ಟ್ ಆಯ್ತು.

ಗೇನ್ ಹೆಚ್ಚಿಸಿದರೆ ಸಾಲದೇ?

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಭಾಗ ಇದೆ. ಅದೇ ಕಾಕ್ಲಿಯಾ. ಅದರೊಳಗಿನ ಪೊರೆಯಲ್ಲಿ ಬುಡದ ಕಡೆ ಹೆಚ್ಚಿನ ಫ್ರೀಕ್ವೆನ್ಸಿಗಳು, ತುದಿಯ ಕಡೆ ಕಡಿಮೆ ಫ್ರೀಕ್ವೆನ್ಸಿಗಳು ಗುರುತಾಗುತ್ತವೆ. ಅಂದರೆ ಇದೊಂದು ಫಿಲ್ಟರ್ ಬ್ಯಾಂಕ್! ಈ ಪೊರೆಯ ಮೇಲೆ ಅಲೆ ಹೇಗೆ ಸಾಗುತ್ತೆ ಅಂತ ತೋರಿಸಿದ ಗಿಯಾರ್ಗ್ ಫಾನ್ ಬೇಕೆಶಿಗೆ 1961ರಲ್ಲಿ ನೊಬೆಲ್ ಬಂತು. ಪೊರೆಯ ಮೇಲಿರುವ ಸುಮಾರು 15,000 ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತ ಮಾಡಿ ನರಕ್ಕೆ ದಾಟಿಸುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ.

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಹಾಳಾಗೋದು ಬುಡದ ಕಡೆಯ ಕೋಶಗಳು. ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಫ್ರೀಕ್ವೆನ್ಸಿಯಲ್ಲಿದೆ, ಅವು ಉಳಿದುಕೊಳ್ಳುತ್ತವೆ. ಸ, ತ, ಕ ಥರದ ವ್ಯಂಜನಗಳ ಗುರುತು ಮೇಲಿನ ಫ್ರೀಕ್ವೆನ್ಸಿಯಲ್ಲಿದೆ, ಅವು ಹೋಗುತ್ತವೆ. ಸರ, ತರ, ಕರ ಮೂರೂ ‘ಅರ’ ಅಂತ ಕೇಳಿದರೆ ಹೇಗಿರುತ್ತೆ ಯೋಚಿಸಿ. ಸದ್ದು ಇದೆ, ಅರ್ಥ ಇಲ್ಲ. ಅಜ್ಜ ಹೇಳಿದ್ದೂ ಇದೇ.

ಕೋಶಗಳು ಸಾಕಷ್ಟು ಉಳಿದಿದ್ದರೆ ಹಿಯರಿಂಗ್ ಏಡ್ ಚೆನ್ನಾಗಿ ಕೆಲಸ ಮಾಡುತ್ತೆ. ತುಂಬಾ ಹಾಳಾಗಿದ್ದರೆ ಮಾತ್ರ ಕಷ್ಟ. ಸೆನ್ಸರ್ ಸುಟ್ಟುಹೋದ ಮೇಲೆ ಆಂಪ್ಲಿಫೈಯರ್ ಗೇನ್ ಏರಿಸಿ ಏನು ಪ್ರಯೋಜನ?

ಸೆನ್ಸರ್ ಬಿಟ್ಟು ನೇರ ನರಕ್ಕೆ

ಕಾಕ್ಲಿಯರ್ ಇಂಪ್ಲಾಂಟ್ ಸತ್ತ ಕೋಶಗಳನ್ನು ದಾಟಿ ನೇರವಾಗಿ ಶ್ರವಣ ನರಕ್ಕೆ ವಿದ್ಯುತ್ ಪಲ್ಸ್ ಕೊಡುತ್ತೆ. ಕಿವಿ ಹಿಂದಿನ ಮೈಕ್ ಮತ್ತು ಪ್ರೊಸೆಸರ್ ಮಾತನ್ನು ಬ್ಯಾಂಡ್‌ಗಳಾಗಿ ಒಡೆದು, ಪ್ರತಿ ಬ್ಯಾಂಡಿನ ಎನ್ವಲಪ್ ತೆಗೆಯುತ್ತೆ. ಚರ್ಮದ ಮೇಲಿನ ಕಾಯಿಲ್ ಅದನ್ನು ರೇಡಿಯೋ ಮೂಲಕ ಒಳಗಿನ ರಿಸೀವರಿಗೆ ಕಳಿಸುತ್ತೆ. ಕಾಕ್ಲಿಯಾದೊಳಗೆ ತೂರಿಸಿದ ತಂತಿಯಲ್ಲಿ, ಕಂಪನಿಗೆ ತಕ್ಕಂತೆ, 12ರಿಂದ 22 ಎಲೆಕ್ಟ್ರೋಡ್ ಇರುತ್ತವೆ. ಎಲ್ಲವೂ ಒಟ್ಟಿಗೆ ಪಲ್ಸ್ ಕೊಟ್ಟರೆ ಕರೆಂಟ್ ಒಂದಕ್ಕೊಂದು ಬೆರೆತುಹೋಗುತ್ತೆ. ಅದಕ್ಕೇ ಸರದಿಯಂತೆ ಒಂದಾದ ಮೇಲೊಂದು ಕೊಡುವ ವಿಧಾನವನ್ನು ಬ್ಲೇಕ್ ವಿಲ್ಸನ್ ತಂಡ 1991ರಲ್ಲಿ ಪ್ರಕಟಿಸಿತು. ನಾವು ಓದೋ ಟೈಮ್ ಡಿವಿಷನ್ನೇ ಇದು.

ಲ್ಯಾಬಿನಲ್ಲಿ ನಾವು ಮಾಡಿದ್ದು ಇದರ ನಕಲು. “ಊಟ ಆಯ್ತಾ, ಯಾವಾಗ ಬರ್ತೀಯ?” ಅಂತ ರೆಕಾರ್ಡ್ ಮಾಡಿ, ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ, ಎನ್ವಲಪ್ ತೆಗೆದು, ಅದರಿಂದ ನಾಯ್ಸನ್ನು ಮಾಡ್ಯುಲೇಟ್ ಮಾಡಿ ಕೂಡಿಸಿದ್ವಿ. ಒಂದು ಚಾನಲ್‌ನಲ್ಲಿ ಬರೀ ಮಳೆ ಸದ್ದು. ನಾಲ್ಕಕ್ಕೆ ಬಂದಾಗ ಪಿಸುಮಾತಿನ ಹಾಗೆ ಪದಗಳು ಮೂಡಿದ್ವು. ಎಂಟರಲ್ಲಿ, ವಾಕ್ಯ ಗೊತ್ತಿಲ್ಲದ ಪಕ್ಕದ ಬೆಂಚಿನವರೂ ಸರಿಯಾಗಿ ಹೇಳಿದ್ರು. ಆದರೆ ಅದೇ ಎಂಟು ಚಾನಲ್‌ನಲ್ಲಿ ಒಂದು ಸಿನಿಮಾ ಹಾಡು ಹಾಕಿದಾಗ ರಾಗ ಯಾರಿಗೂ ಸಿಗಲಿಲ್ಲ. ಹಿಂದೆ ಕ್ಯಾಂಟೀನ್ ಗದ್ದಲ ಸೇರಿಸಿದಾಗ ಮಾತೂ ಮುಳುಗಿಹೋಯ್ತು.

ನಿಜವಾದ ಇಂಪ್ಲಾಂಟಿನ ಮಿತಿಯೂ ಇಷ್ಟೇ. ಎಲೆಕ್ಟ್ರೋಡ್ 22 ಇದ್ದರೂ ಕರೆಂಟ್ ಹರಡೋದರಿಂದ ಹೆಚ್ಚಿನವರಿಗೆ ಸಿಗೋದು ಸುಮಾರು ಎಂಟು ಚಾನಲ್‌ನಷ್ಟು ಮಾಹಿತಿ. ಶಾಂತ ಕೋಣೆಯ ಮಾತಿಗೆ ಅದು ಸಾಕು. ಮದುವೆ ಮನೆಗೆ, ಸಂಗೀತಕ್ಕೆ ಸಾಲದು.

‘ಚೆನ್ನಾಗಿದ್ದೀನಿ’ ಅನ್ನೋದನ್ನು ಅಳೆಯೋದು ಹೇಗೆ?

ಹಾಗಾದರೆ ಇಷ್ಟಕ್ಕೆ ಆಪರೇಷನ್ ಬೇಕಾ? ಡೆಸಿಬೆಲ್ ನೋಡಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಬದುಕಿನ ಗುಣಮಟ್ಟವನ್ನೇ ಅಳೆಯಬೇಕು. ಇಕ್ಯೂ-5ಡಿ ಅನ್ನೋ ಪ್ರಸಿದ್ಧ ಪ್ರಶ್ನಾವಳಿ ಐದು ವಿಷಯ ಕೇಳುತ್ತೆ: ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ. ಕಿವಿಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ! ಅಜ್ಜ ನಡೀತಾರೆ, ಸ್ನಾನ ಮಾಡ್ತಾರೆ, ಮೈಕೈ ನೋವಿಲ್ಲ. ಅವರಿಗೆ ಒಳ್ಳೇ ಮಾರ್ಕ್ಸೇ ಬರುತ್ತೆ.

ಇದಕ್ಕಾಗಿಯೇ ನೆದರ್ಲೆಂಡ್ಸ್‌ನ ನೈಮೇಖನ್ ನಗರದ ತಂಡ 2000ದಲ್ಲಿ ಇಂಪ್ಲಾಂಟ್ ಬಳಸುವವರಿಗೆಂದೇ ಬೇರೆ ಪ್ರಶ್ನಾವಳಿ ಪ್ರಕಟಿಸಿತು. ಅದರಲ್ಲಿ 60 ಪ್ರಶ್ನೆ, ಆರು ಭಾಗ. ಸದ್ದು ಕೇಳೋದು, ಮಾತು ಹಿಡಿಯೋದು, ತಾನು ಮಾತಾಡೋದು, ಆತ್ಮವಿಶ್ವಾಸ, ಚಟುವಟಿಕೆ, ಜನರ ಜೊತೆ ಬೆರೆಯೋದು. ಇಂಥ ಅಳತೆಗೋಲು ಹಿಡಿದಾಗ ವಯಸ್ಸಾದವರಲ್ಲೂ ಇಂಪ್ಲಾಂಟ್ ಆದಮೇಲೆ ಸ್ಪಷ್ಟ ಸುಧಾರಣೆ ಕಾಣಿಸಿದೆ. ತಪ್ಪು ಮೀಟರ್ ಇಟ್ಟರೆ ಸರ್ಕ್ಯೂಟ್ ಸರಿ ಇದ್ದರೂ ಸೊನ್ನೆ ತೋರಿಸುತ್ತೆ ಅಲ್ವಾ?

“ಈ ವಯಸ್ಸಲ್ಲಿ ಯಾಕೆ?”

ಅಜ್ಜನ ಮನೆಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಇಂಪ್ಲಾಂಟ್ ಅಂದರೆ ಮಕ್ಕಳದ್ದು ಅಂತ ನಾವೂ ಅಂದುಕೊಂಡಿದ್ವಿ. ಆದರೆ ಚರಿತ್ರೆ ಉಲ್ಟಾ ಇದೆ. 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ತಮ್ಮ ಮಲ್ಟಿಚಾನಲ್ ಇಂಪ್ಲಾಂಟ್ ಮೊದಲು ಹಾಕಿದ್ದು ಒಬ್ಬ ವಯಸ್ಕರಿಗೆ. ಅಮೆರಿಕದಲ್ಲಿ 1984ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದೂ ವಯಸ್ಕರಿಗೇ. ಮಕ್ಕಳಿಗೆ ಸಿಕ್ಕಿದ್ದು 1990ರಲ್ಲಿ.

ವಯಸ್ಸಿಗಿಂತ ಮುಖ್ಯವಾದದ್ದು, ಎಷ್ಟು ವರ್ಷ ಕೇಳಿಸದೆ ಕಳೆದರು ಅನ್ನೋದು. ಅಜ್ಜನ ತಲೆಯಲ್ಲಿ 70 ವರ್ಷದ ಕನ್ನಡ ಇದೆ. ಆಪರೇಷನ್ ಆಗಿ ಕೆಲವು ವಾರಕ್ಕೆ ಯಂತ್ರ ಆನ್ ಮಾಡಿದಾಗ ಮಾತು ರೋಬೋಟ್ ಥರ ಕೇಳುತ್ತಂತೆ. ಆಮೇಲೆ ತಿಂಗಳುಗಟ್ಟಲೆ ಅಭ್ಯಾಸದಿಂದ ಮೆದುಳು ಹೊಸ ಸಂಕೇತವನ್ನು ಹಳೇ ಪದಗಳಿಗೆ ಹೊಂದಿಸಿಕೊಳ್ಳುತ್ತೆ. ತಡ ಮಾಡಿದಷ್ಟೂ ಆ ಹೊಂದಾಣಿಕೆ ಕಷ್ಟ.

ಅಡ್ಡಿಗಳೂ ಇವೆ. ವಯಸ್ಸಾದವರಿಗೆ ಆಪರೇಷನ್ ನಂತರ ತಲೆಸುತ್ತು ಬರಬಹುದು. ನಡುಗುವ ಬೆರಳಿಗೆ ಚಿಕ್ಕ ಬ್ಯಾಟರಿ ಬದಲಿಸೋದು ಕಷ್ಟ (ಇದು ನಮ್ಮಂಥವರು ಬಿಡಿಸಬೇಕಾದ ಡಿಸೈನ್ ಸಮಸ್ಯೆ). ಎಲ್ಲಕ್ಕಿಂತ ದೊಡ್ಡದು ಹಣ. ಖರ್ಚು ಲಕ್ಷಗಟ್ಟಲೆ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಇಂಪ್ಲಾಂಟ್ ನೆರವು ಇದೆ, ಆದರೆ ಮಕ್ಕಳಿಗೆ. ಮಕ್ಕಳಿಗೆ ಕೊಡಲೇಬೇಕು, ಸರಿ. ಅಜ್ಜನಂಥವರು ಮಾತ್ರ ಲೆಕ್ಕದ ಹೊರಗೆ ಉಳೀತಾರೆ.

ಎಲ್ಲರಿಗೂ ಇಂಪ್ಲಾಂಟ್ ಬೇಕು ಅಂತ ನಾವು ಹೇಳ್ತಿಲ್ಲ. ಬಹಳ ಜನಕ್ಕೆ ಸರಿಯಾಗಿ ಟ್ಯೂನ್ ಮಾಡಿದ ಹಿಯರಿಂಗ್ ಏಡೇ ಸಾಕು. ಯಾವುದು ಬೇಕು ಅಂತ ಗೊತ್ತಾಗೋದು ಪರೀಕ್ಷೆಯಿಂದ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ಆಡಿಯಾಲಜಿಸ್ಟ್ ಇರ್ತಾರೆ. ಈ ಸಲ ರಜೆಗೆ ಊರಿಗೆ ಹೋದಾಗ ಟಿವಿ ಆಫ್ ಮಾಡಿ, ಎದುರಿಗೆ ಕೂತು, ಕಿರುಚದೆ ನಿಧಾನವಾಗಿ ಮಾತಾಡಿ. ಉತ್ತರ ಬರೀ “ಹೂಂ” ಆಗಿದ್ದರೆ ಪರೀಕ್ಷೆಗೆ ಕರ್ಕೊಂಡು ಹೋಗಿ.

ನಮ್ಮ ಗೆಳೆಯ ಹಾಗೇ ಮಾಡಿದ. ಎಂಟು ಚಾನಲ್ ಫೈಲನ್ನು ಮನೆಯವರಿಗೆ ಕೇಳಿಸಿ, ಅಜ್ಜನಿಗೆ ಎಲ್ಲವನ್ನೂ ಹಾಳೆಯಲ್ಲಿ ಬರೆದು ತೋರಿಸಿದ. ಅಜ್ಜ ಕನ್ನಡಕ ಹಾಕಿಕೊಂಡು ಓದಿ, ಮೊದಲು ಎರಡು ಕಾಗುಣಿತದ ತಪ್ಪು ತಿದ್ದಿದರಂತೆ. ಆಮೇಲೆ ಕೆಳಗೆ ಬರೆದರಂತೆ: “ಪರೀಕ್ಷೆ ಯಾವತ್ತು?”