ಬೇಸಿಗೆಯ ರೈಲು ಪ್ರಯಾಣದಲ್ಲಿ ಸಾಕುನಾಯಿ

ಬೇಸಿಗೆಯ ರಜೆಯಲ್ಲಿ ಮುಂಬಯಿ, ದೆಹಲಿಗಳಿಂದ ಊರಿಗೆ ಹೊರಡುವವರು ಸಾಕುನಾಯಿಯನ್ನು ರೈಲಿನಲ್ಲಿ ಒಯ್ಯಲು ಎರಡು ಮಾರ್ಗಗಳಿವೆ: ಮೊದಲ ದರ್ಜೆಯ ಕೂಪೆಯನ್ನು ಪೂರ್ಣವಾಗಿ ಕಾಯ್ದಿರಿಸುವುದು, ಇಲ್ಲವೇ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಎರಡನೆಯದು ಅಗ್ಗವೇನೋ ಹೌದು. ಆದರೆ ಮೇ ತಿಂಗಳ ಹಗಲಿನಲ್ಲಿ ಆ ಪೆಟ್ಟಿಗೆ ಉಸಿರುಗಟ್ಟುವಷ್ಟು ಕಾಯುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ಏದುಸಿರಿನಿಂದಲೇ ದೇಹದ ಶಾಖವನ್ನು ಹೊರಹಾಕುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಈ ಉಪಾಯ ಫಲಿಸದು. ಮೊಂಡುಮೂಗಿನ ಪಗ್ ಜಾತಿಗಂತೂ ಅಪಾಯ ಹೆಚ್ಚು; ಅದನ್ನು ಪರಿಚಿತರ ವಶದಲ್ಲಿ ಬಿಟ್ಟು ಹೋಗುವುದೇ ಲೇಸು. ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುವ ನಾಯಿಯ ಮೈಶಾಖ ಬಿಸಿಲಿನ ತಾಪದಿಂದ 41 ದಾಟಿದರೆ ಪ್ರಾಣಕ್ಕೇ ಕುತ್ತು. ಜೊಲ್ಲು ಸುರಿಸುತ್ತ ತೂರಾಡತೊಡಗಿದರೆ ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಒಯ್ಯಬೇಕು.